ಮುತ್ತಜ್ಜನ ಹೆಸರು ಗೂಗಲ್‌ನಾಗ ಸಿಗವಲ್ದು, ಏನ್ ಮಾಡ್ಲಿ?

ಪ್ರಶ್ನೆ: ನಮ್ಮ ಮುತ್ತಜ್ಜ 1920ರ ಸುಮಾರಿಗೆ ರೋಣ ತಾಲೂಕಿನ ಒಂದು ಹಳ್ಳ್ಯಾಗ ಸಾಲಿ ಮಾಸ್ತರ ಆಗಿದ್ರಂತ. ಅವರ ಹೆಸರು ಹಾಕಿ ಹುಡುಕಿದ್ರ ಬರೇ ಈಗಿನವರ ಫೇಸ್‌ಬುಕ್ ಪ್ರೊಫೈಲ್ ಬರ್ತಾವ. ವಂಶಾವಳಿ ಬರೀಬೇಕಂತ ಭಾಳ ಆಸೆ ಐತ್ರಿ, ಎಲ್ಲಿಂದ ಶುರು ಮಾಡ್ಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಹೆಸರು ಸದ್ಯಕ್ಕೆ ಬಿಡಿ, ಮೊದ್ಲು ಊರು ಹುಡುಕಿ. ರೋಣ ಈಗ ಗದಗ ಜಿಲ್ಲೆಯಲ್ಲಿದೆ, ಆದ್ರೆ ಆ ಜಿಲ್ಲೆ ಆಗಿದ್ದೇ 1997ರಲ್ಲಿ, ನಿಮ್ಮ ಮುತ್ತಜ್ಜನ ಕಾಲಕ್ಕೆ ರೋಣ ಇದ್ದಿದ್ದು ಧಾರವಾಡ ಜಿಲ್ಲೆಯಲ್ಲಿ, ಅದು ಬಾಂಬೆ ಪ್ರೆಸಿಡೆನ್ಸಿ. ಆಗಿನ ಇಂಗ್ಲಿಷ್ ಕಾಗದಪತ್ರದಲ್ಲಿ ಧಾರವಾಡಕ್ಕೆ ಕೊನೇ ಅಕ್ಷರ 'ಡಿ' ಅಲ್ಲ, 'ಆರ್'. ಹಾಗೆ ಟೈಪ್ ಮಾಡಿ, ಜಿಲ್ಲೆ ಹೆಸರಿಗೊಂದು ಊರ ಹೆಸರಿಗೊಂದು ಡಬಲ್ ಕೋಟ್ ಹಾಕಿ ಹುಡುಕಿ, ಬರೋ ರಿಸಲ್ಟೇ ಬೇರೆ ಇರುತ್ತೆ. 1884ರ ಧಾರವಾಡ ಗೆಜೆಟಿಯರ್, ಅಂದ್ರೆ ಜಿಲ್ಲೆಯ ಊರು, ಜನರ ಬಗ್ಗೆ ಸರ್ಕಾರ ಬರೆಸಿದ ಪುಸ್ತಕ, ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಫ್ರೀ ಇದೆ, ಪುಸ್ತಕದ ಒಳಗೇ ಸರ್ಚ್ ಮಾಡ್ಬಹುದು, ಆದ್ರೆ ಸ್ಕ್ಯಾನ್ ಆದ ಅಕ್ಷರನ ಕಂಪ್ಯೂಟರ್ ಎಷ್ಟೋ ಕಡೆ ತಪ್ಪಾಗಿ ಓದಿರುತ್ತೆ, ಅದಕ್ಕೆ ಎರಡು ಮೂರು ಸ್ಪೆಲಿಂಗ್ ಹಾಕಿ ನೋಡಿ. ರಾಷ್ಟ್ರೀಯ ಅಭಿಲೇಖಾಲಯದ ಅಭಿಲೇಖ್ ಪಟಲ್ ಪೋರ್ಟಲ್ಲೂ ಇದೆ, ಆದ್ರೆ ಅಲ್ಲಿರೋದು ಜಾಸ್ತಿ ಸರ್ಕಾರದ ಫೈಲು, ಹಳ್ಳಿ ಮಾಸ್ತರರ ಹೆಸರು ಅಲ್ಲಿ ಸಿಗೋದು ಕಷ್ಟ.

ನನ್ನ ಕೇಳಿದ್ರೆ ನಿಮಗೆ ನಿಜವಾಗಿ ಉಪಯೋಗಕ್ಕೆ ಬರೋದು ಜಮೀನಿನ ಕಾಗದ. ಮನೆತನಕ್ಕೆ ತುಂಡು ಹೊಲ ಇದ್ರೂ ಸಾಕು, ಭೂಮಿ ವೆಬ್‌ಸೈಟ್‌ನಲ್ಲಿ ಈಗಿನ ಪಹಣಿ ತೆಗೆದು ಸರ್ವೆ ನಂಬರ್ ಬರ್ಕೊಳ್ಳಿ, ಆ ನಂಬರ್ ಹಿಡ್ಕೊಂಡು ತಹಶೀಲ್ದಾರ್ ಆಫೀಸಿನ ರೆಕಾರ್ಡ್ ರೂಮಿಂದ ಹಳೇ ಮ್ಯುಟೇಷನ್ (ಜಮೀನು ಒಬ್ಬರ ಹೆಸರಿಂದ ಇನ್ನೊಬ್ಬರ ಹೆಸರಿಗೆ ಬದಲಾದ ದಾಖಲೆ) ನಕಲಿಗೆ ಅರ್ಜಿ ಕೊಡಿ. ಯಜಮಾನ ತೀರಿಕೊಂಡಾಗ ವಾರಸಾ ಹಚ್ಚಿರ್ತಾರಲ್ಲ, ಆ ಒಂದು ನೋಂದಣಿಯಲ್ಲಿ ತಂದೆ ಹೆಸರು, ಮಕ್ಕಳ ಹೆಸರು ಎಲ್ಲಾ ಬರುತ್ತೆ, ಮಕ್ಕಳು ಚಿಕ್ಕವರಿದ್ರೆ ಪಾಲನಕರ್ತೆ ಅಂತ ತಾಯಿ ಹೆಸರೂ ಇರುತ್ತೆ. ನಮ್ಮ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟೇ ಹೋಗಿರುತ್ತೆ, ನನಗಂತೂ ಅದು ಬಹಳ ನೋವಿನ ವಿಷಯ, ಸಿಕ್ಕಿದ ಕಡೆ ದಯವಿಟ್ಟು ಬರೆದಿಟ್ಕೊಳ್ಳಿ. ನಿಮ್ಮ ಭಾಗದ ಹಳೇ ದಾಖಲೆ ಮೋಡಿ ಲಿಪಿಯಲ್ಲೂ (ಹಿಂದೆ ಮರಾಠಿ ಬರೀತಿದ್ದ ಕೂಡಕ್ಷರದ ಲಿಪಿ) ಇರ್ತಾವೆ, ಗಾಬರಿ ಆಗ್ಬೇಡಿ, ಫೋಟೊ ತೆಗೆದು ಮೋಡಿ ಓದೋರಿಗೆ ತೋರಿಸಿ.

ಎಐ ಚಾಟ್ ಆ್ಯಪ್‌ಗೆ 'ನಮ್ಮ ಮನೆತನದ ಇತಿಹಾಸ ಹೇಳು' ಅಂತ ಮಾತ್ರ ಕೇಳ್ಬೇಡಿ, ಇಲ್ಲದ ಹೆಸರು ಹುಟ್ಟಿಸಿ ಹೇಳಿಬಿಡುತ್ತೆ, ಅದು ಒಮ್ಮೆ ವಂಶಾವಳಿ ಸೇರಿದ್ರೆ ಮುಂದಿನವರು ಅದನ್ನೇ ನಿಜ ಅಂದ್ಕೋತಾರೆ.

ಇನ್ನೊಂದು, ನಿಮ್ಮ ಮನೆತನಕ್ಕೆ ಹೆಳವರು (ಮನೆಮನೆಗೆ ಬಂದು ವಂಶಾವಳಿ ಹೇಳೋರು) ಬರ್ತಿದ್ರಾ ಅಂತ ಊರಲ್ಲಿರೋ ಹಿರಿಯರನ್ನ ಇದೇ ವಾರ ಫೋನ್ ಮಾಡಿ ಕೇಳಿ. ಎಷ್ಟೋ ತಲೆಮಾರಿನ ಹೆಸರು ಅವರ ಬಾಯಲ್ಲೂ ಪುಸ್ತಕದಲ್ಲೂ ಇರ್ತಾವೆ. ಬಂದಾಗ ಅವರನ್ನ ಕೇಳಿ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಅವರಿಗೆ ಸಲ್ಲೋ ಕಾಣಿಕೆ ತಪ್ಪದೆ ಕೊಡಿ.