ಯುರೋಪಿನ ಸಂಜೆ ಐದು, ನಮ್ಮ ರಾತ್ರಿ ಒಂಬತ್ತೂವರೆ

ನಿಮಗೆ ಹಾಸನದಲ್ಲಿ ಕೆಲಸ, ಸಂಜೆ ಏಳಕ್ಕೆ ಮನೆ, ಆನ್‌ಲೈನ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಹೀಲರ್, ಅಂದರೆ ಜೊತೆಯವರ ಗಾಯ ಗುಣಪಡಿಸುವವರು. ಒಂದು ಗಿಲ್ಡ್‌ನಲ್ಲಿ (ಒಟ್ಟಿಗೆ ಆಡುವವರ ಸಂಘ) ಬೈಗುಳ, ಇನ್ನೊಂದರಲ್ಲಿ ಯಾರೂ ಸಮಯಕ್ಕೆ ಬರುವುದಿಲ್ಲ. ನನಗೆ ಹೊಂದುವ ರೇಡ್ ಗುಂಪನ್ನು, ಅಂದರೆ ಬಾಸ್ ಎಂಬ ದೊಡ್ಡ ಶತ್ರುಗಳನ್ನು ಒಟ್ಟಾಗಿ ಕೊಲ್ಲುವ ತಂಡವನ್ನು, ಹುಡುಕುವುದು ಹೇಗೆ ಎಂದು ಕೇಳಿದ್ದೀರಿ. ನಾನು ಮೂಡಿಗೆರೆ ಕಡೆಯವನು. ಹಗಲು ಕಾಫಿ ತೋಟ, ರಾತ್ರಿ ಯುರೋಪಿನ ಸರ್ವರ್‌ನಲ್ಲಿ ಟ್ಯಾಂಕ್, ಅಂದರೆ ಶತ್ರುವಿನ ಹೊಡೆತ ತಿನ್ನುವವನು. ನನ್ನ ಪ್ರಕಾರ ನಮ್ಮ ಕಡೆಯ ಆಟಗಾರರ ಅರ್ಧ ತೊಂದರೆಗೆ ಕಾರಣ ಗಡಿಯಾರ. ಅದನ್ನು ಮೊದಲು ಬಗೆಹರಿಸಿಕೊಳ್ಳಿ.

ಯುರೋಪಿನ ಸರ್ವರ್‌ಗಳಲ್ಲಿ ರಾತ್ರಿ ಎಂಟಕ್ಕೆ ಶುರುವಾಗುವ ರೇಡ್ ನಮಗೆ ಚಳಿಗಾಲದಲ್ಲಿ 12.30, ಅವರ ಬೇಸಿಗೆಯಲ್ಲಿ 11.30. ಬೆಳಿಗ್ಗೆ ಕಚೇರಿಗೆ ಹೋಗುವವರು ಇದನ್ನು ಒಂದು ತಿಂಗಳು ತಾಳಬಹುದು, ಒಂದು ಸೀಸನ್ ತಾಳಲಾರರು. ಸಿಡ್ನಿಯ ಸರ್ವರ್‌ಗಳಲ್ಲಿ ಪಿಂಗ್ (ಸಂಪರ್ಕದ ವಿಳಂಬ) ಏನೇ ಇರಲಿ, ಅಲ್ಲಿನ ರಾತ್ರಿ ಎಂಟು ನಮಗೆ ಮಧ್ಯಾಹ್ನ ಮೂರೂವರೆ ಅಥವಾ ಎರಡೂವರೆ, ನೀವಿನ್ನೂ ಕಚೇರಿಯಲ್ಲಿರುತ್ತೀರಿ. ಹಾಗಾಗಿ ಸಂಜೆ ಐದಕ್ಕೆ ಶುರು ಮಾಡುವ ಯುರೋಪಿನ ಗುಂಪುಗಳನ್ನು ಹುಡುಕಿ. ನಮಗೆ ಅದು ಚಳಿಗಾಲದಲ್ಲಿ 9.30, ಬೇಸಿಗೆಯಲ್ಲಿ 8.30. ಅಂಥವು ಕಡಿಮೆ. ಅಲ್ಲಿ ಸಿಗದಿದ್ದರೆ ಶನಿವಾರ, ಭಾನುವಾರ ಮಧ್ಯಾಹ್ನ ಆಡುವ ಗುಂಪುಗಳನ್ನು ನೋಡಿ.

ಆಮೇಲೆ ಸಂಖ್ಯೆ. ರೇಡ್‌ಗೆ ಕಷ್ಟದ ಹಂತಗಳಿವೆ. ನಾರ್ಮಲ್ ಮತ್ತು ಹೀರೋಯಿಕ್ ಹಂತದ ರೇಡ್‌ಗೆ 10ರಿಂದ 30 ಜನರವರೆಗೆ ಸೇರಬಹುದು. ಒಬ್ಬರು ಹೆಚ್ಚಾದರೂ ಜಾಗವಿರುತ್ತದೆ. ಅತಿ ಕಷ್ಟದ ಹಂತವಾದ ಮಿಥಿಕ್‌ಗೆ ಸರಿಯಾಗಿ 20 ಜನ ಬೇಕು, ಅವರಲ್ಲಿ ಹೀಲರ್‌ಗಳು ಸಾಮಾನ್ಯವಾಗಿ ನಾಲ್ವರು. ಆಗಲೇ ಐವರು ಹೀಲರ್‌ಗಳಿರುವ ಗಿಲ್ಡ್ ನಿಮ್ಮನ್ನು ಆದರದಿಂದ ಬರಮಾಡಿಕೊಂಡು ಬೆಂಚಿನ ಮೇಲೆ ಕೂರಿಸುತ್ತದೆ. ಎಷ್ಟು ಹೀಲರ್‌ಗಳಿದ್ದಾರೆ, ಸರದಿ ಹೇಗೆ ಎಂದು ನೇರವಾಗಿ ಕೇಳಿ. ಲೂಟ್, ಅಂದರೆ ಬಾಸ್ ಸತ್ತಾಗ ಸಿಗುವ ಸಾಮಗ್ರಿ, ಹಂಚುವ ಕ್ರಮವನ್ನೂ ಕೇಳಿ, ಆದರೆ ಅದಕ್ಕಾಗಿ ನಿದ್ದೆಗೆಡಬೇಡಿ.

ಸ್ವಭಾವ ತಿಳಿಯುವುದು ಜಾಹೀರಾತಿನಿಂದಲ್ಲ. "ನಮ್ಮದು ಒಂದು ಕುಟುಂಬ" ಎಂದು ಬರೆದುಕೊಳ್ಳದ ಗಿಲ್ಡ್ ಇಲ್ಲ. ಕುಟುಂಬಗಳಲ್ಲಿ ಏನೇನು ನಡೆಯುತ್ತದೆ ಎಂದು ನಮಗೂ ಗೊತ್ತಿದೆ. ಒಂದು ರಾತ್ರಿ ಪರೀಕ್ಷಾರ್ಥವಾಗಿ ಆಡುತ್ತೇನೆ ಎಂದು ಕೇಳಿಕೊಳ್ಳಿ, ಅದೂ ಅವರು ಇನ್ನೂ ಕೊಲ್ಲದ ಬಾಸ್ ಇರುವ ರಾತ್ರಿ. ಗೆಲ್ಲುವಾಗ ಎಲ್ಲರೂ ಸಜ್ಜನರೇ. ಎಲ್ಲರೂ ಸತ್ತು ಬಿದ್ದ ಮೇಲಿನ ಅರ್ಧ ನಿಮಿಷದಲ್ಲಿ, ಗುಂಪು ಮಾತಾಡುವ ಆ್ಯಪ್ ಡಿಸ್ಕಾರ್ಡ್‌ನಲ್ಲಿ ಏನು ಕೇಳಿಸುತ್ತದೆ ಎಂಬುದಕ್ಕೆ ಕಿವಿಗೊಡಿ. ಒಳ್ಳೆಯ ನಾಯಕ ಮೊದಲು ಸತ್ತವರು ಯಾರು, ಏಕೆ ಎಂದು ಹೋರಾಟದ ದಾಖಲೆಯಾದ ಲಾಗ್ ತೆರೆದು ನೋಡುತ್ತಾನೆ. ಕೆಟ್ಟವನು "ಹೀಲರ್‌ಗಳು ಏನು ಮಾಡುತ್ತಿದ್ದಿರಿ" ಎಂದು ಶುರು ಮಾಡುತ್ತಾನೆ, ಸತ್ತವನು ಬೆಂಕಿಯ ಮೇಲೆ ನಿಂತಿದ್ದರೂ ಸರಿ. ಮೂರನೆಯ ಜಾತಿಯೊಂದಿದೆ: ಯಾರೂ ಏನೂ ಹೇಳುವುದಿಲ್ಲ, ನಗುತ್ತಾರೆ, ಅದೇ ತಪ್ಪನ್ನು ಮತ್ತೆ ಮಾಡುತ್ತಾರೆ. ನೀವು ಬಿಟ್ಟುಬಂದ ಎರಡನೆಯ ಗಿಲ್ಡ್ ಬಹುಶಃ ಇದೇ ಜಾತಿಯದು. ಅವರಲ್ಲಿ ದೋಷವಿಲ್ಲ, ಅವರು ಹರಟೆಗೆ ಸೇರಿದವರು, ನೀವು ಬಾಸ್ ಕೊಲ್ಲಲು ಸೇರಿದವರು. ಗಟ್ಟಿ ದನಿಯನ್ನೆಲ್ಲ ಬೈಗುಳವೆಂದೂ ತಿಳಿಯಬೇಡಿ. "ಎಡಕ್ಕೆ ಸರಿ" ಎಂದು ಕಿರುಚುವವನು ಬೇರೆ, ನಿನ್ನಿಂದಲೇ ಹಾಳಾಯಿತು ಎನ್ನುವವನು ಬೇರೆ.

ನಮ್ಮ ಮಳೆಗಾಲದ ಬಗ್ಗೆ ಮೊದಲೇ ತಿಳಿಸಿಬಿಡಿ. ಇಲ್ಲಿ ಜುಲೈ ಗಾಳಿಗೆ ಮರ ತಂತಿಯ ಮೇಲೆ ಬಿದ್ದರೆ ಮರುದಿನದವರೆಗೂ ಕರೆಂಟ್ ಇಲ್ಲ. ರೂಟರ್‌ಗೆ ಯುಪಿಎಸ್ ಇದ್ದರೂ ಅಷ್ಟೇ. ಹಾಸನ ಪಟ್ಟಣದಲ್ಲಿ ಇಷ್ಟು ಕಷ್ಟವಿರಲಿಕ್ಕಿಲ್ಲ. ನಮ್ಮ ಗುಂಪಿನಲ್ಲಿ ಆ ತಿಂಗಳುಗಳಿಗೆ ಇನ್ನೊಬ್ಬ ಟ್ಯಾಂಕ್‌ನನ್ನು ಸಿದ್ಧವಾಗಿಟ್ಟಿದ್ದಾರೆ, ಯಾರೂ ಗೊಣಗುವುದಿಲ್ಲ. ಹೇಳದೆ ಮಾಯವಾಗುವವರ ಮೇಲೆ ಮಾತ್ರ ಅವರಿಗೆ ಸಿಟ್ಟು.

ಅರ್ಜಿಯಲ್ಲಿ ಸಾಧನೆಗಳ ಪಟ್ಟಿ ಬೇಡ. ವಾರಕ್ಕೆ ಎಷ್ಟು ರಾತ್ರಿ, ಎಷ್ಟು ಗಂಟೆಯವರೆಗೆ ಆಡಬಲ್ಲಿರಿ, ಹೀರೋಯಿಕ್ ಸಾಕೋ ಮಿಥಿಕ್ ಬೇಕೋ, ಹಿಂದಿನ ಗಿಲ್ಡ್ ಏಕೆ ಬಿಟ್ಟಿರಿ, ಇಷ್ಟನ್ನೇ ಬರೆದು ಲಾಗ್‌ನ ಕೊಂಡಿ ಕೊಡಿ. ಹೀಲರ್‌ಗಳ ಕೊರತೆ ಹಲವು ಕಡೆ ಇದೆ, ಉತ್ತರ ಬೇಗ ಬರುತ್ತದೆ.