ಲೊಮಚೆಂಕೊ ಸೋತಿದ್ದು ಒಂದು ಸಲವಾ, ಮೂರು ಸಲವಾ?
ಉಕ್ರೇನಿನ ಬಾಕ್ಸರ್ ವಾಸಿಲ್ ಲೊಮಚೆಂಕೊ ಬಗ್ಗೆ ಲೇಖನ ಬರೆಯುವಾಗ ಗೆಲುವು–ಸೋಲಿನ ಎರಡು ಲೆಕ್ಕ ಸಿಕ್ಕಿವೆ, ಯಾವುದು ಸರಿ ಅಂತ ಕೇಳಿದ್ದೀರಿ. 396–1, 18–3 ಎರಡೂ ಅವರ ಲೆಕ್ಕವೇ. ಮೊದಲನೆಯದು ಅಮೆಚೂರ್, ಎರಡನೆಯದು ಪ್ರೊಫೆಷನಲ್. ಬೆರೆಸಿದ್ದಕ್ಕೇ ಗೊಂದಲ ಆಗಿರಬೇಕು.

ಮೊದಲು ನಿಮ್ಮ ಪಟ್ಟಿಯನ್ನು 2013ರ ಅಕ್ಟೋಬರ್‌ಗೆ ಎರಡು ಭಾಗ ಮಾಡಿ. ಅವರು ಪ್ರೊ ಆಗಿದ್ದು ಆಗ. ಅದಕ್ಕೂ ಮುಂಚಿನ ಸೋಲು ಒಂದೇ: 2007ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ, ರಷ್ಯಾದ ಆಲ್ಬರ್ಟ್ ಸೆಲಿಮೊವ್ ಎದುರು. ಮರುವರ್ಷ ಬೀಜಿಂಗ್ ಒಲಿಂಪಿಕ್ಸ್‌ನ ಮೊದಲ ಪಂದ್ಯದಲ್ಲೇ ಅದೇ ಸೆಲಿಮೊವ್ ಎದುರಾದರು. ಅವರನ್ನು ಸೋಲಿಸಿ, ಕೊನೆಗೆ ಚಿನ್ನವನ್ನೂ ಗೆದ್ದರು. ಲೇಖನದಲ್ಲಿ ಇದನ್ನು ಬಿಡಬೇಡಿ, ಸುಮ್ನೆ ಅಂಕಿ ಕೊಡೋದಕ್ಕಿಂತ ಚೆನ್ನಾಗಿರುತ್ತೆ. 2012ರ ಲಂಡನ್ ಚಿನ್ನಕ್ಕೆ ಒಂದು ಸಾಲು ಸಾಕು.

ಆಮೇಲೆ 2013ರ ವರ್ಲ್ಡ್ ಸೀರೀಸ್ ಆಫ್ ಬಾಕ್ಸಿಂಗ್‌ನ (ಅಮೆಚೂರ್ ಬಾಕ್ಸರ್‌ಗಳಿಗೆ ಹಣ ಕೊಟ್ಟು ಆಡಿಸುತ್ತಿದ್ದ ತಂಡಗಳ ಲೀಗ್) 6 ಗೆಲುವುಗಳು. ಕೆಲವರು ಇವನ್ನೂ ಪ್ರೊ ಲೆಕ್ಕಕ್ಕೆ ಸೇರಿಸುತ್ತಾರೆ, ಹಾಗಾಗಿ ಬೇರೆಯಾಗಿಯೇ ತೋರಿಸಿ. 396ರ ಮುಂದೆ ‘ಎನ್ನಲಾಗುತ್ತದೆ’ ಅಂತ ಹಾಕಿದರೆ ಒಳ್ಳೇದು.