ರೋಗದ ‘ಸೈನ್’, ‘ಸಿಂಪ್ಟಮ್’ ಎರಡೂ ಒಂದೇನಾ?

ಅಲ್ಲ. ಕನ್ನಡದಲ್ಲಿ ಎರಡಕ್ಕೂ ಸುಮ್ನೆ ‘ಲಕ್ಷಣ’ ಅಂದುಬಿಡುತ್ತೇವೆ, ಗೊಂದಲ ಅಲ್ಲೇ ಶುರು.

ಹುಬ್ಬಳ್ಳಿಯ ಯಾವುದಾದರೂ ದವಾಖಾನೆಯಲ್ಲಿ ಕೂತು ಕೇಳಿ. “ತಲಿ ಭಾಳ ನೋಯಾಕತ್ತೈತ್ರಿ” ಅಂತ ರೋಗಿ ಹೇಳುವುದು ಸಿಂಪ್ಟಮ್. ಅದು ಅನುಭವಿಸಿದವರಿಗಷ್ಟೇ ಗೊತ್ತು. ಡಾಕ್ಟರು ನೋಡಿ, ಮುಟ್ಟಿ, ಅಳೆದು ಕಂಡುಕೊಳ್ಳುವುದು ಸೈನ್: ಥರ್ಮಾಮೀಟರಿನಲ್ಲಿ 102 ಡಿಗ್ರಿ ಫ್ಯಾರನ್‌ಹೀಟ್, ಸ್ಟೆತಸ್ಕೋಪಿನಲ್ಲಿ ಕೇಳುವ ಗೊರಗೊರ ಸದ್ದು.

ಮೈಮೇಲಿನ ಗುಳ್ಳೆ ಇಬ್ಬರಿಗೂ ಕಾಣುತ್ತದೆ. ತುರಿಕೆ ಮಾತ್ರ ರೋಗಿಯದ್ದೇ.

ಬಿಪಿಯದ್ದು ಇನ್ನೂ ಕಿಲಾಡಿತನ. 160/100 ಇದ್ದರೂ ಎಷ್ಟೋ ಜನರಿಗೆ ಏನೂ ಅನ್ನಿಸುವುದಿಲ್ಲ. ಸೈನ್ ಇದೆ, ಸಿಂಪ್ಟಮ್ ಇಲ್ಲ. ನಮ್ಮ ಕಾಕಾ ಗುಳಿಗೆ ಬಿಟ್ಟಿದ್ದೂ ಇದೇ ಲೆಕ್ಕದಲ್ಲಿ: “ನಂಗೇನ್ ಆಗೇತ್ಲೇ, ಆರಾಮ ಅದೀನಿ!” ಬಿಪಿ ಅಳೆಯುವ ಯಂತ್ರ ಬೇರೆಯೇ ಹೇಳುತ್ತಿತ್ತು.